ಇಂದಿನ ಧಮ್ಮ ಚಿಂತನೆ: ನಮ್ಮ ನಳ, ಅವರ ಕೊಡ

 

ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಯಾವುದಾದರೂ ಗ್ರಂಥದ ವಿಚಾರ ಬರೆಯೋಣವೆಂದು ಕೂತೆ. ಆದರೆ ಕೆಲವು ದಿನಗಳಿಂದ ಒಂದು ಘಟನೆ ಮನಸ್ಸನ್ನು ಕೊರೆಯುತ್ತಿದೆ. ಅದನ್ನೇ ನಿಮ್ಮ ಮುಂದಿಡುತ್ತೇನೆ. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ.

ನಮ್ಮ ಹುನಗುಂದದ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಕುರಿಯವರು ಬರುತ್ತಾರೆ. ನೀವೂ ನೋಡಿದ್ದೀರಿ. ಮುಂದೆ ಕುರಿ ಹಿಂಡು, ಹಿಂದೆ ನಾಯಿ, ಕುದುರೆಯ ಮೇಲೆ ಹಾಸಿಗೆ, ಪಾತ್ರೆ, ಕೋಳಿ, ಮೊನ್ನೆ ಮೊನ್ನೆ ಹುಟ್ಟಿದ ಮರಿಗಳು. ಹೆಣ್ಣುಮಕ್ಕಳು ಕಂಕುಳಲ್ಲಿ ಕೂಸು ಎತ್ತಿಕೊಂಡು ನಡೆಯುತ್ತಿರುತ್ತಾರೆ. ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದು ಹೊಲದಲ್ಲಿ ಮೂರು ರಾತ್ರಿ ಬಲೆ ಕಟ್ಟಿ ಕುರಿ ನಿಲ್ಲಿಸಿ, ಮತ್ತೆ ಮುಂದೆ ಹೋಗುತ್ತಾರೆ.

ಭಾರತ ಹುಣ್ಣಿಮೆಯ ಹಿಂದಿನ ದಿನ. ನಮ್ಮ ಮನೆ ಊರಂಚಿನ ಹೊಸ ಪ್ಲಾಟಿನಲ್ಲಿದೆ, ಅದರಾಚೆ ಹೊಲ. ನಾನು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಎರಡು ಪ್ಲಾಸ್ಟಿಕ್ ಕೊಡ ಹಿಡಿದು ನಿಂತಳು.

"ಅಣ್ಣಾರ, ಎರಡ ಕೊಡ ನೀರ ಕೊಡ್ರಿ. ಸಣ್ಣ ಹುಡುಗ್ರ ಅದಾವ."

"ನೀರಿಲ್ಲವ್ವ. ಮುಂದ ಹೋಗ" ಎಂದೆ.

ನಳದ ನೀರು ಬೆಳಿಗ್ಗೆಯೇ ಬಂದಿತ್ತು, ಟಾಕಿ ತುಂಬಿತ್ತು. ದಿನಾ ಸಂಜೆ ಪಂಚಶೀಲ ಹೇಳುವ ಬಾಯಿ ಇದು. ನಾಲ್ಕನೆಯ ಶೀಲವನ್ನು ಎರಡು ಕೊಡ ನೀರಿಗಾಗಿ ಮುರಿದೆ. ಯಾಕೆ? ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ನಾಲ್ಕು ಮಂದಿ ಬರುತ್ತಾರೆ ಅನ್ನಿಸಿತು. ಅಂಗಳ ರಾಡಿಯಾಗುತ್ತದೆ ಅನ್ನಿಸಿತು. ಅಷ್ಟೇ, ದೊಡ್ಡ ಕಾರಣವೇನೂ ಇರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಅವ್ವ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. "ತಮ್ಮಾ, ನಾ ಸಣ್ಣಾಕಿ ಇದ್ದಾಗ ಬಾವಿ ದಂಡಿಗೆ ಕೊಡ ಇಟ್ಟು ದೂರ ನಿಲ್ಲತಿದ್ವಿ. ಯಾರರೆ ಬಂದು ಮ್ಯಾಲಿಂದ ಸುರುವಿದ್ರ ನೀರು, ಇಲ್ಲಂದ್ರ ಇಲ್ಲ. ಅವರೂ ಹಿಂಗ ಅಂತಿದ್ರು, ಮುಂದ ಹೋಗ ಅಂತ" ಎಂದಳು. ಹಾಗೆನ್ನುತ್ತಲೇ ಎದ್ದು ಒಳಗಿನಿಂದ ಕೊಡ ತಂದು ನಳಕ್ಕೆ ಹಿಡಿದಳು. ಎಪ್ಪತ್ತು ದಾಟಿದ ಜೀವ ಅದು. ನಾನು ಕೊಡ ಕಸಿದುಕೊಂಡು ತುಂಬಿಸಿ ಹೊಲದ ಕಡೆ ನಡೆದೆ.

ಪ್ರತಿ ವರ್ಷ ಮಾರ್ಚ್ 20ರಂದು ನಾನು ಮಕ್ಕಳಿಗೆ ಮಹಾಡದ ಚೌದಾರ್ ಕೆರೆಯ ಕಥೆ ಹೇಳುತ್ತೇನೆ. 1927ರಲ್ಲಿ ಬಾಬಾಸಾಹೇಬರು ಆ ಕೆರೆಗೆ ಇಳಿದು ನೀರು ಕುಡಿದದ್ದು ನೀರಡಿಕೆಗಲ್ಲ, ಮನುಷ್ಯರೆಂದು ತೋರಿಸುವುದಕ್ಕೆ ಎನ್ನುತ್ತೇನೆ. ಆ ಪಾಠ ನನಗೇ ಬಂದಿರಲಿಲ್ಲ.

*ಎರಡು ದಿನದ ನಡಿಗೆ*

ಮರುವಾರ ಎರಡನೇ ಶನಿವಾರ, ಭಾನುವಾರ ರಜೆಯಿತ್ತು. ಆ ಕುಟುಂಬ ಇಳಕಲ್ಲಿನ ಕಡೆ ಹೊರಟಿತ್ತು. ಹಿರಿಯರನ್ನು ಕೇಳಿಕೊಂಡು ನಾನೂ ಜೊತೆಗೆ ನಡೆದೆ. ಅವರು ಬಾದಾಮಿ ಕಡೆಯ ಗುಡ್ಡದ ಸೀಮೆಯವರು. ಮಳೆಗಾಲದಲ್ಲಿ ಊರ ಗುಡ್ಡದ ಹುಲ್ಲು. ದೀಪಾವಳಿ ಮುಗಿದ ಮೇಲೆ ಊರು ಬಿಟ್ಟರೆ ಎರೆನಾಡು, ಕುಷ್ಟಗಿ ದಾಟಿ ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಗಳವರೆಗೆ ಹೋಗಿ, ಮುಂಗಾರು ಶುರುವಾಗುವ ಹೊತ್ತಿಗೆ ತಿರುಗಿ ಬರುತ್ತಾರೆ. ಎಲ್ಲವೂ ಕಾಲ್ನಡಿಗೆ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಅವುಗಳಲ್ಲಿ ಎಷ್ಟೋ ಹಿಂಡುಗಳು ಹೀಗೆಯೇ ಊರೂರು ನಡೆದು ಬದುಕುತ್ತವೆ.

ರಾಷ್ಟ್ರೀಯ ಹೆದ್ದಾರಿ 50 ದಾಟಿಸುವಾಗ ನನ್ನ ಎದೆ ಬಾಯಿಗೆ ಬಂತು. ಲಾರಿಗಳು ಹಾರ್ನ್ ಹಾಕುತ್ತ ಬರುತ್ತಿವೆ, ಹಿಂಡಿನ ನಡುವೆ ಒಂದು ಕುಂಟು ಮರಿ. ಅವರ ಹತ್ತು ವರ್ಷದ ಹುಡುಗ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ದಾಟಿದ. ಆ ಹುಡುಗ ಶಾಲೆಯಲ್ಲಿರಬೇಕಾಗಿತ್ತು. ಮಾಸ್ತರನಾಗಿ ಅದನ್ನು ಇಲ್ಲಿ ಹೇಳದೆ ಇರಲಾರೆ.

ನಡೆಯುತ್ತ ನಡೆಯುತ್ತ ಹಿರಿಯರು ಹೇಳಿದ್ದು: "ಮೊದಲ ರೈತರ ಹುಡುಕಿಕೊಂಡ ಬರತಿದ್ರು, ನಮ್ಮ ಹೊಲದಾಗ ಕುರಿ ನಿಲ್ಲಸ ಬಾ ಅಂತ. ಜ್ವಾಳ ಕೊಡತಿದ್ರು, ರೊಕ್ಕ ಕೊಡತಿದ್ರು. ಚೀಲದ ಗೊಬ್ಬರ ಬಂದ ಮ್ಯಾಲ ಕರಿಯೋರು ಕಡಿಮಿ ಆದ್ರು. ಗಾಯರಾಣದಾಗ ಪ್ಲಾಟ್ ಬಿದ್ದುವು. ಈಗ ಗೊಬ್ಬರ ಬೇಕಾದಾಗ ಕಾಕಾ ಅಂತಾರ, ಬ್ಯಾಡಾದಾಗ ಬದು ತುಳಿಬ್ಯಾಡ ಅಂತಾರ."

ಆಮೇಲೆ ಅವರು ಕೇಳಿದರು: "ಗುರುಗಳು ಯಾವ ಪೈಕಿ?"

"ಬೌದ್ಧರು" ಎಂದೆ.

"ಮೊದಲ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತಾಗ ಅವರ ಸೊಸೆ, ಅಂದು ನೀರು ಕೇಳಿ ಬಂದವಳೇ, ರೊಟ್ಟಿ ಮತ್ತು ಪುಂಡಿಪಲ್ಲೆ ನನ್ನ ಕೈಗೇ ಇಟ್ಟಳು. ಅದೇ ಕೊಡದ ನೀರು ಕೊಟ್ಟಳು. ಹಿರಿಯರು ಮಾತ್ರ ಸ್ವಲ್ಪ ದೂರ ಕೂತು ಉಂಡರು. ಅದು ಕುರಿಯ ಮೇಲಿನ ಕಣ್ಣೋ, ಹಳೆಯ ರೂಢಿಯೋ, ನಾನು ಕೇಳಲಿಲ್ಲ.

*ನಾವ್ಯಾಕೆ ಕೊಡಬೇಕು?*

ಇದನ್ನು ನಮ್ಮ ಅಭ್ಯಾಸ ಬಳಗದಲ್ಲಿ ಹೇಳಿದಾಗ ಒಬ್ಬ ತರುಣ ಗೆಳೆಯ ಎದ್ದು ಕೇಳಿದ: "ಸರ್, ನಮ್ಮಜ್ಜಿ ಬಾವಿ ದಂಡಿಗೆ ನಿಂತಾಗ ದೂರ ಸರಿ ಅಂದವರೊಳಗ ಅವರ ಮಂದೀನೂ ಇದ್ರು. ಅವರು ಕೊಡಲಿಲ್ಲ. ನಾವ್ಯಾಕ ಕೊಡಬೇಕು?"

ಅವನ ಸಿಟ್ಟು ಸುಳ್ಳಲ್ಲ. ಕ್ಷಮಿಸಿಬಿಡು ಎಂದು ಹೇಳುವ ಹಕ್ಕೂ ನನಗಿಲ್ಲ. ಅವಮಾನ ಉಂಡವರಿಗೆ ಔದಾರ್ಯ ಕಲಿಸುವುದು ಬಹಳ ಸುಲಭ, ಊರಿನವರು ಅದನ್ನೇ ನಮಗೆ ಸಾವಿರ ವರ್ಷ ಕಲಿಸಿದ್ದಾರೆ. ಆದ್ದರಿಂದ ಆ ದಿನ ಉತ್ತರ ಕೊಡಲಿಲ್ಲ. ಮನೆಗೆ ಬಂದು ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ, ಅಸ್ಪೃಶ್ಯರು ಯಾರು, ಏಕೆ ಅಸ್ಪೃಶ್ಯರಾದರು ಎಂಬ ಗ್ರಂಥವನ್ನು ಮತ್ತೆ ತೆಗೆದೆ.

ಅಲ್ಲಿ ಅವರು ಮಂಡಿಸುವ ವಾದ ನಿಮಗೆ ಗೊತ್ತಿದೆ. ಮೊದಲು ಎಲ್ಲ ಮನುಷ್ಯರೂ ದನಕರು ಕಟ್ಟಿಕೊಂಡು ಹುಲ್ಲು ಹುಡುಕಿ ಅಲೆಯುವವರೇ. ಭೂಮಿ ಉಳುವುದು ಕಲಿತ ಮೇಲೆ ಕೆಲವರು ನೆಲೆ ನಿಂತರು, ಕೆಲವರು ಅಲೆಯುತ್ತಲೇ ಉಳಿದರು. ಬುಡಕಟ್ಟುಗಳ ಕಾದಾಟದಲ್ಲಿ ಸೋತು, ಒಡೆದು ಚದುರಿದ ಜನರಿಗೆ ಅನ್ನ ಬೇಕಿತ್ತು, ಆಸರೆ ಬೇಕಿತ್ತು. ನೆಲೆ ನಿಂತವರಿಗೆ ಬೆಳೆ, ದನ ಕಾಯುವವರು ಬೇಕಿತ್ತು. ಹೀಗೆ ಒಂದು ಒಪ್ಪಂದವಾಯಿತು: ನೀವು ಕಾಯಿರಿ, ನಾವು ಅನ್ನ ಕೊಡುತ್ತೇವೆ. ಆದರೆ ನೀವು ಬೇರೆ ರಕ್ತದವರು, ಊರ ಹೊರಗೇ ಇರಿ. ಐರ್ಲೆಂಡ್, ವೇಲ್ಸ್‌ಗಳಲ್ಲಿಯೂ ಹೀಗೆ ಊರ ಹೊರಗೆ ಇರಿಸಲ್ಪಟ್ಟ ಪರಕೀಯರಿದ್ದರು ಎಂದು ಅವರು ತೋರಿಸುತ್ತಾರೆ. ಅಲ್ಲಿ ಅವರು ಕಾಲಕ್ರಮದಲ್ಲಿ ಊರೊಳಗೆ ಬೆರೆತರು. ಇಲ್ಲಿ ಬೆರೆಯಲಿಲ್ಲ. ಬುದ್ಧನನ್ನು ಬಿಡದವರ ಮೇಲಿನ ದ್ವೇಷ ಮತ್ತು ದನದ ಮಾಂಸದ ನೆವ ಸೇರಿ ಆ ಗಡಿ ಅಸ್ಪೃಶ್ಯತೆಯಾಗಿ ಗಟ್ಟಿಯಾಯಿತು.

ಈ ಸಲ ಓದುವಾಗ ನನಗೆ ಹೊಸದಾಗಿ ಕಂಡದ್ದು ಆ *ಒಪ್ಪಂದ*. ಒಪ್ಪಂದದಲ್ಲಿ ಅನ್ನ ಇತ್ತು, ಜಾಗ ಇತ್ತು, ಕೆಲಸ ಇತ್ತು. ಇಲ್ಲದ್ದು ಒಂದೇ, ಮೈತ್ರಿ. ಉಪಯೋಗಕ್ಕೆ ಕರೆದವರನ್ನು ಊರು ಉಪಯೋಗದಷ್ಟೇ ಹತ್ತಿರ ಇಟ್ಟುಕೊಂಡಿತು. "ಗೊಬ್ಬರ ಬೇಕಾದಾಗ ಕಾಕಾ" ಎಂದ ಆ ಕುರಿಗಾಹಿ ಹೇಳಿದ್ದೂ ಇದೇ ಸಂಗತಿ. ನಮ್ಮ ಹಿರಿಯರ ಕಥೆ, ಅವರ ಕಥೆ ಒಂದೇ ಅಲ್ಲ. ನಮ್ಮನ್ನು ಮುಟ್ಟಲಿಲ್ಲ, ಅವರನ್ನು ಮುಟ್ಟುತ್ತಾರೆ. ಆದರೆ ಎರಡೂ ಕಡೆ ಊರಿನ ಲೆಕ್ಕ ಒಂದೇ: ನಿನ್ನಿಂದ ನನಗೇನು?

ಈಗ ಆ ಗೆಳೆಯನ ಪ್ರಶ್ನೆ ನೋಡಿ. "ಅವರು ಕೊಡಲಿಲ್ಲ, ನಾವ್ಯಾಕೆ ಕೊಡಬೇಕು" ಎನ್ನುವುದೂ ಅದೇ ಲೆಕ್ಕವೇ. ಕೊಟ್ಟದ್ದಕ್ಕೆ ಕೊಡುವುದು ಒಪ್ಪಂದ. ಬುದ್ಧರು ಕರುಣೆಯಲ್ಲಿ ನಿಲ್ಲಲಿಲ್ಲ, ಮೈತ್ರಿಗೆ ಹೋದರು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಿವರಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನದು. ಕುರಿಮರಿ ನನಗೆ ಏನು ಕೊಟ್ಟಿತ್ತು ಎಂದು ಕೇಳಿ ಮೈತ್ರಿ ಮಾಡಲಾಗುತ್ತದೆಯೇ?

ಅದೇ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕ, ರೋಗಿ, ಹೆಣ ನೋಡಿ ಅಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು, ಕೋಲಿಯರು ಕಾದಾಡಲು ಹೊರಟಾಗ ಆತ ಬೇಡವೆಂದ. ಶಾಕ್ಯ ಸಂಘ ಒಪ್ಪಲಿಲ್ಲ. ಆತ ಪರಿವ್ರಾಜಕನಾಗಿ ದೇಶ ಬಿಟ್ಟ. ನಮ್ಮ ಧಮ್ಮದ ಮೊದಲ ಹೆಜ್ಜೆ ನೀರಿನ ಜಗಳದಿಂದ ಶುರುವಾಗಿ ನಡಿಗೆಯಾಯಿತು. ಬೋಧಿಯಾದ ಮೇಲೆ 45 ವರ್ಷ ನಡೆದರು. ಮಳೆಗಾಲದಲ್ಲಿ ಮಾತ್ರ ಮೂರು ತಿಂಗಳು ಒಂದೆಡೆ ನಿಲ್ಲಿ, ಹಸಿರು ಹುಲ್ಲು, ಸಣ್ಣ ಜೀವಗಳನ್ನು ತುಳಿಯಬೇಡಿ ಎಂದು ಭಿಕ್ಖುಗಳಿಗೆ ವರ್ಷಾವಾಸದ ನಿಯಮ ಮಾಡಿದರು. ನಡೆಯುವವರಿಗೆ ಯಾರೋ ಒಬ್ಬರು ಬಾಗಿಲು ತೆರೆದಿದ್ದರಿಂದಲೇ ಧಮ್ಮ ನಮ್ಮವರೆಗೆ ಬಂದಿದೆ.

ಲಡಾಖಿನ ಚಾಂಗ್‌ತಾಂಗ್ ಹುಲ್ಲುಗಾವಲಿನಲ್ಲಿ 4,000 ಮೀಟರಿಗಿಂತ ಎತ್ತರದಲ್ಲಿ ಪಶ್ಮಿನಾ ಮೇಕೆ ಕಾಯುತ್ತ ಅಲೆಯುವ ಚಾಂಗ್ಪಾ ಜನರೂ ಬೌದ್ಧರೇ. ಯಾಕ್ ಕೂದಲಿನ ಗುಡಾರ ಅವರ ಮನೆ. ಮಂಗೋಲಿಯಾದ ಬೌದ್ಧ ಪಶುಪಾಲಕರು ಕುರಿ ಉಣ್ಣೆಯ ದಪ್ಪ ಹೊದಿಕೆಯ ಗೆರ್ ಗುಡಾರಗಳಲ್ಲಿ ಇರುತ್ತಾರೆ. ಹುಲ್ಲುಗಾವಲಲ್ಲಿ ದಾರಿಹೋಕ ಬಂದರೆ ಮೊದಲು ಹಾಲಿನ ಚಹಾ ಕೊಡುವುದು ಅಲ್ಲಿನ ಪದ್ಧತಿ. ನಾಳೆ ತಾನೂ ದಾರಿಯಲ್ಲಿರುತ್ತೇನೆ ಎಂದು ಕೊಡುವವನಿಗೆ ಗೊತ್ತು. ಮನೆ ಕಟ್ಟಿಕೊಂಡ ನಮಗೆ ಅದು ಮರೆತಿದೆ.

*ಇನ್ನೂ ಹತ್ತಿರದ ಮಾತು*

ಕುರಿಯವರಿಗಾದರೂ ಊರಲ್ಲಿ ಮನೆ ಇದೆ, ಹಿಂಡು ಇದೆ. ಅದೂ ಇಲ್ಲದೆ ಅಲೆಯುವವರು ನಮ್ಮದೇ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಬುಡ್ಗ ಜಂಗಮರು, ಹಂದಿ ಜೋಗಿಗಳು, ಸುಡುಗಾಡು ಸಿದ್ಧರು. 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಒಳಮೀಸಲಾತಿಯ ವರದಿಯಲ್ಲಿ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಶಿಫಾರಸು ಮಾಡಿತ್ತು. ಅದೇ ತಿಂಗಳು ಸರ್ಕಾರ 6-6-5 ಎಂದು ಹಂಚಿದಾಗ ಆ ಒಂದು ಪ್ರತ್ಯೇಕವಾಗಿ ಉಳಿಯಲಿಲ್ಲ, ಶೇ 5ರ ಗುಂಪಿನೊಳಗೆ ಸೇರಿತು. ಅಲೆಮಾರಿಗಳು ಬೀದಿಗಿಳಿದರು. ಆ ದಿನಗಳಲ್ಲಿ ನಮ್ಮ ಗುಂಪುಗಳಲ್ಲಿ ಎಡ, ಬಲ ಎಂದು ನಾವು ಎಷ್ಟು ಮೆಸೇಜು ಹಾಕಿದೆವು? ಆ ಒಂದರ ಬಗ್ಗೆ ಎಷ್ಟು ಹಾಕಿದೆವು? ನಾನು ಒಂದೂ ಹಾಕಲಿಲ್ಲ. "ಮುಂದ ಹೋಗ" ಎಂದು ಗೇಟಿನಲ್ಲಿ ಮಾತ್ರ ಹೇಳುವುದಿಲ್ಲ, ಸುಮ್ಮನಿದ್ದೂ ಹೇಳಬಹುದು.

ಆ ತರುಣ ಗೆಳೆಯನಿಗೆ ನಾನು ಈಗ ಹೇಳುವುದು ಇಷ್ಟು. ತಮ್ಮಾ, ಹಕ್ಕಿಗಾಗಿ ಜಗಳ ಆಡೋಣ. ದೂರ ಕೂತು ಉಂಡವರಿಗೆ ಯಾಕೆ ದೂರ ಕೂತಿರಿ ಎಂದು ಕೇಳೋಣ. ಅಂದು ಕೇಳದೆ ಬಂದದ್ದು ನನ್ನ ಇನ್ನೊಂದು ತಪ್ಪು. ಆದರೆ ನೀರು ಕೇಳಿದವರಿಗೆ ಮೊದಲು ನೀರು, ಆಮೇಲೆ ಪ್ರಶ್ನೆ. ಊರ ಹೊರಗೆ ನಿಂತವರ ಮಕ್ಕಳು ನಾವು. ನಮ್ಮ ಮನೆಯ ಮುಂದೆ ಮತ್ತೊಂದು ಊರ ಹೊರಗು ಹುಟ್ಟಬಾರದು.

ಅವ್ವ ಈಗ ಗೇಟಿನ ಪಕ್ಕದ ನಳಕ್ಕೆ ಪೈಪು ಹಾಕಿಸಿ ಹೊರಗೆ ತಿರುಗಿಸು ಎನ್ನುತ್ತಿದ್ದಾಳೆ. ಪ್ಲಂಬರ್ ಭಾನುವಾರ ಬರುತ್ತೇನೆಂದಿದ್ದಾನೆ.

*ಇಂದಿನ ಅಭ್ಯಾಸ:* ಈ ವಾರ ನಿಮ್ಮ ಓಣಿಯ ಅಂಚಿನಲ್ಲಿ ಗುಡಾರ ಹಾಕಿದವರು ಇದ್ದರೆ ಹೋಗಿ ಮಾತನಾಡಿಸಿ. ನೀರು ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಜಾತಿ ಪ್ರಮಾಣಪತ್ರ ಇದೆಯೇ, ಇಷ್ಟು ಕೇಳಿ. ಭಾನುವಾರದ ವಂದನೆಯಲ್ಲಿ ಎಲ್ಲರೂ ಹಂಚಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್. 💙