ಕಾಯಕದ ಅಳತೆ

ಕಾಯಕವೆಂದರೆ ದುಡಿಮೆ, ದುಡಿಮೆಯ ಗುರುತು ಫಲ, ಆದುದರಿಂದ ಫಲವು ಹೆಚ್ಚಿದಷ್ಟೂ ಕಾಯಕವು ಹಿರಿದು. ಇಂಥದೊಂದು ತರ್ಕವು ಸದ್ಭಕ್ತರ ಮನೆಗಳಲ್ಲಿಯೂ ಕೇಳಿಬರುತ್ತಿರುವದು. ಆಳುಗಳು ಮೊದಲಿನಂತೆ ದುಡಿಯುವದಿಲ್ಲ, ಕೂಲಿ ಮಾತ್ರ ಏರಿತು, ಕೆಲಸ ಏರಲಿಲ್ಲವೆಂದು ಅಂಗಡಿಯ ಗಾದಿಯ ಮೇಲೆ ಕುಳಿತವರು ಆಡಿಕೊಳ್ಳುವರು. ಆಡಿಕೊಳ್ಳುತ್ತ ಶರಣರನ್ನು ತಮ್ಮ ಕಡೆಯ ಸಾಕ್ಷಿಗೆ ಕರೆಯುವರು. ಶರಣರು ಈ ಸಾಕ್ಷಿಯನ್ನು ನುಡಿಯಲು ಒಪ್ಪುವರೇ ಎಂಬದು ವಿಚಾರಿಸತಕ್ಕ ಮಾತು.

ಒಬ್ಬ ದುಡಿಮೆಗಾರನು ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಬೆಲೆಯ ವಸ್ತುವನ್ನು ಹುಟ್ಟಿಸುವನೆಂಬ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞರು ಉತ್ಪಾದಕತೆಯೆಂದು ಹೆಸರಿಟ್ಟಿರುವರು. ಲೆಕ್ಕವು ಸುಳ್ಳಲ್ಲ. ಆದರೆ ಆ ಅಂಕಿಯನ್ನು ಯಾರ ಹೆಸರಿನಲ್ಲಿ ಬರೆಯತಕ್ಕದ್ದೆಂಬಲ್ಲಿ ತೊಡಕಿರುವದು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಒಳಗೇ ಇದನ್ನು ಒರೆಗೆ ಹಚ್ಚಿ ನೋಡಬಹುದು.

ಬ್ಯಾಡಗಿಯ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಪೇಟೆಗೆ ಬಂದ ಕಾಯಿಯನ್ನು ಆರಿಸುವದು, ತೊಟ್ಟು ಮುರಿಯುವದು ಬಹುಮಟ್ಟಿಗೆ ಹೆಂಗಸರ ಕೆಲಸ. ಒಂದು ಕಿಲೋ ಎಂದರೆ ನೂರಾರು ಕಾಯಿ, ನೂರಾರು ತೊಟ್ಟು. ಕೈ ಉರಿಯುವದು, ಘಾಟಿಗೆ ಕೆಮ್ಮು ಬರುವದು, ಉರಿವ ಕೈಯನ್ನು ಕಣ್ಣಿಗೆ ಒಯ್ಯುವಂತಿಲ್ಲ. ಮಳೆ ಸರಿಯಾದ ವರ್ಷ ಕಾಯಿ ತುಂಬಿಕೊಂಡಿರುವದು. ಮಳೆ ಕೈಕೊಟ್ಟ ವರ್ಷ ಸಣಕಲಾಗುವದು. ತೂಕದ ಮೇಲೆ ಕೂಲಿ ಗೊತ್ತಾಗಿದ್ದರೆ ಸಣಕಲು ಕಾಯಿಯ ವರ್ಷದಲ್ಲಿ ಅದೇ ಹೆಂಗಸು ಕಿಲೋ ಒಂದಕ್ಕೆ ಹೆಚ್ಚು ತೊಟ್ಟು ಮುರಿಯಬೇಕು. ಬೆರಳು ಹೆಚ್ಚು ದುಡಿದಿರುವದು. ತಕ್ಕಡಿಯು ಮಾತ್ರ ಆಕೆ ಕಡಿಮೆ ದುಡಿದಳೆಂದು ಹೇಳುವದು. ಅದೇ ಕಾಯಿ ಬಣ್ಣ ತೆಗೆಯುವ ಕಾರಖಾನೆಗೆ ಹೋದ ಮೇಲೆ ಯಂತ್ರದ ಬಳಿ ನಿಂತ ನಾಲ್ಕಾರು ಜನರ ಹೆಸರಿನಲ್ಲಿ ಬಹು ಬೆಲೆಯ ಸರಕು ಹೊರಬೀಳುವದು. ಅವರು ಆಕೆಗಿಂತ ಅಷ್ಟು ಪಾಲು ಶ್ರದ್ಧಾವಂತರೆಂದು ಯಾರೂ ಹೇಳಲಾರರು.

ರಾಣೇಬೆನ್ನೂರಿನ ಸುತ್ತ ಬೀಜದ ಬೇಸಾಯ ನಡೆಯುವದು. 1970ರಲ್ಲಿ ಗುಜರಾತದ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಮಿಶ್ರತಳಿಯ ಹತ್ತಿಯನ್ನು ಹೊರತಂದರು. 1972ರಲ್ಲಿ ಧಾರವಾಡದಿಂದ ಡಾ. ಕಟರಕಿಯವರ ವರಲಕ್ಷ್ಮಿ ಬಂದಿತು. ಇಂಥ ಬೀಜವನ್ನು ಕೈಯಿಂದಲೇ ಹುಟ್ಟಿಸಬೇಕು. ನಾಳೆ ಅರಳುವ ಮೊಗ್ಗನ್ನು ಇಂದು ಇಳಿಹೊತ್ತಿನಲ್ಲಿ ಗುರುತಿಸಿ, ಒಳಗಿನ ಗಂಡುಭಾಗವನ್ನು ಹೆಣ್ಣುಭಾಗಕ್ಕೆ ನೋವಾಗದಂತೆ ತೆಗೆದು, ಮರುದಿನ ಮುಂಜಾನೆ ಬೇರೊಂದು ಸಾಲಿನ ಹೂವಿನ ಪರಾಗವನ್ನು ತಂದು ಸವರಬೇಕು. ಹೊತ್ತು ಮೀರಿದರೆ ಫಲವಿಲ್ಲ. ಅವಸರದಲ್ಲಿ ಹೆಚ್ಚು ಮೊಗ್ಗು ಮುಗಿಸಿದವಳ ಕೈಯಲ್ಲಿ ಗಂಡುಭಾಗದ ಚೂರು ಉಳಿದರೆ ಬೀಜ ಕಲಬೆರಕೆಯಾಗುವದು. ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಇಡೀ ರಾಶಿಯೇ ತಿರಸ್ಕಾರವಾಗಬಹುದು. ಇಲ್ಲಿ ಮೆಲ್ಲಗೆ ಮಾಡಿದವಳದೇ ಹೆಚ್ಚಿನ ದುಡಿಮೆ. ಚಿಕ್ಕ ಬೆರಳು ಈ ಕೆಲಸಕ್ಕೆ ಲೇಸೆಂದು ಹತ್ತಿಬೀಜದ ಹೊಲಗಳಿಗೆ ಶಾಲೆಯ ಮಕ್ಕಳನ್ನು ಇಳಿಸಿದ ಕಾಲವೂ ಇತ್ತು. ಕೂಲಿಗಾಗಿ ಹದಿನಾಲ್ಕು ವರ್ಷದೊಳಗಿನವರನ್ನು ದುಡಿಸಕೂಡದೆಂದು 2016ರ ಕಾಯದೆಯು ಖಂಡಿತವಾಗಿ ಹೇಳಿರುವದು. ಅಂಗೈಯ ಲಿಂಗಕ್ಕೆ ನೀರೆರೆವ ಗೃಹಸ್ಥನಿಗೆ ಇದನ್ನು ಕಾಯದೆ ಬಂದು ಹೇಳಬೇಕಾಯಿತೆಂಬದು ನಾಚಿಕೆಯ ಮಾತು.

ಇನ್ನು ಅದೇ ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಕಟ್ಟಿಗೆಯನ್ನು ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮಾಡುವ ದೊಡ್ಡ ಕಾರಖಾನೆ ಇರುವದು. ತಲೆಯೊಂದಕ್ಕೆ ಉತ್ಪತ್ತಿಯನ್ನು ಲೆಕ್ಕ ಹಾಕಿದರೆ ತೊಟ್ಟು ಮುರಿಯುವವಳೆಲ್ಲಿ, ಇಲ್ಲಿಯ ಕೆಲಸಗಾರನೆಲ್ಲಿ! ಆದರೆ 1980ರ ದಶಕದಲ್ಲಿ, ಕಾರಖಾನೆಯಿಂದ ಹೊರಬಿದ್ದ ನೀರು ಹೊಳೆಯನ್ನು ಕೆಡಿಸುವದೆಂದು ಕೆಳದಂಡೆಯ ಹಳ್ಳಿಗರು ದೊಡ್ಡ ಹೋರಾಟವನ್ನೇ ಹೂಡಿದ್ದರು. ಮೀನು ಸಿಗದೆ ಬರಿಗೈಯಲ್ಲಿ ಮರಳಿದ ಬೆಸ್ತನ ದಿನವನ್ನು ತಲೆಯೊಂದರ ಉತ್ಪತ್ತಿಯಲ್ಲಿ ಕಳೆದು ತೋರಿಸುವ ಪದ್ಧತಿಯಿಲ್ಲ.

ಈಗ ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆಯಿತು, ಸಂತೋಷದಿಂದ ತಂದನು. ಇಂದಿನ ಲೆಕ್ಕಿಗರು ಇದ್ದಿದ್ದರೆ ಅಂದು ಮಾರಯ್ಯನ ಉತ್ಪಾದಕತೆ ಏರಿತೆಂದು ಬರೆಯುತ್ತಿದ್ದರು. ಸತಿ ಲಕ್ಕಮ್ಮನು ಅದನ್ನು ಬೇರೆ ಬಗೆಯಾಗಿ ಓದಿದಳು. ಹೊತ್ತು ಅಷ್ಟೇ, ಕೈ ಅದೇ, ಬಗ್ಗಿದ ಬೆನ್ನೂ ಅದೇ. ಹೆಚ್ಚಾದದ್ದು ಅಂಗಳಕ್ಕೆ ಚೆಲ್ಲಿದ ಅಕ್ಕಿ. ತನ್ನ ದುಡಿಮೆಯಿಂದ ಹುಟ್ಟದ ಆ ಹೆಚ್ಚಳವನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಮರಳಿ ಕಳಿಸಿದಳು.

ಈ ಕಥೆಯನ್ನು ನಿರಾಸೆಯ ನೀತಿಯೆಂದು ಹೇಳಿ ಮುಗಿಸುವದು ರೂಢಿ. ಅದರಲ್ಲಿ ಲೆಕ್ಕದ ಸೂಕ್ಷ್ಮವೂ ಇರುವದು. ಯಂತ್ರದಿಂದ, ಪೇಟೆಯ ಧಾರಣೆಯಿಂದ, ಮಳೆಯಿಂದ ಬಂದ ಹೆಚ್ಚಳವು ದುಡಿಮೆಗಾರನ ಹಿರಿಮೆಯಲ್ಲವಾದರೆ, ಅವುಗಳಿಂದ ಬಂದ ಕೊರತೆಯೂ ಆತನ ಆಲಸ್ಯವಲ್ಲ. ಹಾಗೆಯೇ ಯಜಮಾನನ ಕಣಜಕ್ಕೆ ಬಂದ ಹೆಚ್ಚಳದಲ್ಲಿ ತನ್ನ ಕೈಯದೆಷ್ಟು, ತೊಟ್ಟು ಮುರಿದವಳ ಕೈಯದೆಷ್ಟು ಎಂಬ ಪ್ರಶ್ನೆಯೂ ಏಳುವದು. ಕೂಲಿಯಲ್ಲಿ ಹಿಡಿದುಕೊಂಡ ಹಣದಿಂದ ಜಾತ್ರೆಯಲ್ಲಿ ಅನ್ನ ನೀಡಿದರೆ ಲಕ್ಕಮ್ಮನು ಅದನ್ನು ದಾಸೋಹವೆಂದು ಒಪ್ಪಲಾರಳು. ಆ ಅಕ್ಕಿ ಮೊದಲು ತಂದಲ್ಲಿಗೆ ಹೋಗಬೇಕು. ಆಳಿನ ಮೈಗಳ್ಳತನಕ್ಕೆ ಶರಣರಲ್ಲಿ ಕ್ಷಮೆಯಿತ್ತೆಂದು ಇದರ ಅರ್ಥವಲ್ಲ. ಒಳ್ಳೆಯ ಕಾಯಿಯ ಕೆಳಗೆ ಕೊಳೆತದ್ದನ್ನು ಅಡಗಿಸಿ ಚೀಲ ಹೊಲಿದವನು ಯಜಮಾನನಾಗಲಿ ಆಳಾಗಲಿ ಕಾಯಕದಿಂದ ಜಾರಿದವನೇ.

ರಾಣೇಬೆನ್ನೂರು ತಾಲೂಕಿನ ಚೌಡದಾನಪುರವು ಅಂಬಿಗರ ಚೌಡಯ್ಯನ ಸ್ಥಳ. ದೋಣಿ ನಡೆಸುವದು ಆತನ ಕಾಯಕ. ಹೊಳೆಗೆ ಮಹಾಪೂರ ಬಂದ ದಿನ ಅಂಬಿಗನು ಒಬ್ಬನನ್ನೂ ದಾಟಿಸಲಾರನು. ದೋಣಿ ತಾಳುವದಕ್ಕಿಂತ ಹೆಚ್ಚು ಜನರನ್ನು ತುಂಬಿದ ದಿನ ಆತನ ಅಂಕಿ ಎಲ್ಲಕ್ಕಿಂತ ಹಿರಿದಾಗಿರುವದು, ನಡುಹೊಳೆಯವರೆಗೆ. ಬರುವವರಿಗಾಗಿ ದಂಡೆಯ ಮೇಲೆ ಕಾದು ಕುಳಿತ ಹೊತ್ತೂ ಆತನ ಕಾಯಕದೊಳಗಿನದೇ. ಇತ್ತ ಬ್ಯಾಡಗಿಯಲ್ಲಿ ಚೀಲ ಇಳಿಯುವವರೆಗೆ ಕಾದು ಕುಳಿತವಳ ಹೊತ್ತು ತೂಕಕ್ಕೆ ಬಾರದು, ಕೂಲಿಗೂ ಸೇರದು. ಬರುವ ಹಂಗಾಮಿಗೆ ಕೂಲಿ ಗೊತ್ತುಮಾಡುವಾಗ ವ್ಯಾಪಾರಸ್ಥ ಭಕ್ತರು ತಮ್ಮ ಲೆಕ್ಕದ ಪುಸ್ತಕದಲ್ಲಿ ಕಾದ ಹೊತ್ತಿಗೊಂದು, ಸಣಕಲು ಕಾಯಿಗೊಂದು, ಹೀಗೆ ಎರಡು ಕಲಮುಗಳನ್ನು ಹೊಸದಾಗಿ ಎಳೆದುಕೊಳ್ಳಬಹುದು.