ಜೆರಿಕೋ ದಾರಿಗೆ ಮರಳುವವರು

ಕರುಣಾಳು ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತಾ ಬಂದಿದ್ದೇವೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಪ್ರಯಾಣಿಕ, ಕಂಡೂ ಕಾಣದಂತೆ ಸರಿದುಹೋದ ಯಾಜಕ ಹಾಗೂ ಲೇವಿಯ, ಗಾಯಗಳನ್ನು ಕಟ್ಟಿ ತನ್ನ ವಾಹನಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ ಪರನಾಡಿಗ – ಇವರೆಲ್ಲರೂ ನಮಗೆ ಚಿರಪರಿಚಿತರು. ಆದರೆ ಸಾಮತಿಯು ಛತ್ರದಲ್ಲಿಯೇ ಮುಗಿಯುತ್ತದೆ. ಆ ಗಾಯಾಳು ಮುಂದೆ ಏನಾದನೆಂದು ಎಂದಾದರೂ ಯೋಚಿಸಿದ್ದೇವೆಯೇ? ಒಂದು ದಿನ ಅವನು ಹಾಸಿಗೆಯಿಂದ ಎದ್ದಿರಬೇಕು. ಅವನ ಮನೆಯೋ ಕೆಲಸವೋ ಅದೇ ದಾರಿಯ ಒಂದು ತುದಿಯಲ್ಲಿತ್ತು. ಪೆಟ್ಟು ತಿಂದ ಅದೇ ಇಳಿಜಾರಿನಲ್ಲಿ, ಪ್ರತಿಯೊಂದು ಬಂಡೆಯ ನೆರಳೂ ಕಳ್ಳನಂತೆ ತೋರುವ ಅದೇ ತಿರುವುಗಳಲ್ಲಿ ಅವನು ಮತ್ತೆ ನಡೆಯಬೇಕಿತ್ತು. ಗಾಯ ಮಾಯುವುದು ಒಂದು. ಗಾಯವಾದ ದಾರಿಗೆ ಮರಳುವುದು ಇನ್ನೊಂದು. ಆ ಎರಡನೆಯ ಪ್ರಯಾಣದಲ್ಲಿ ಅವನ ಪಕ್ಕದಲ್ಲಿ ಯಾರಿದ್ದರು?

ಈ ಪ್ರಶ್ನೆಯನ್ನೇ ತಮ್ಮ ನಿತ್ಯದ ಕಾಯಕವನ್ನಾಗಿಸಿಕೊಂಡ ಒಂದು ಸೇವಾವರ್ಗ ಅಮೆರಿಕ ದೇಶದಲ್ಲಿದೆ. ಯುದ್ಧದಲ್ಲಿ ಗಾಯಗೊಂಡು ಮರಳಿದ ಯೋಧರಿಗೆ ಮತ್ತೆ ವಾಹನ ನಡೆಸಲು ಕಲಿಸುವ ಆಕ್ಯುಪೇಷನಲ್ ಥೆರಪಿ ಚಿಕಿತ್ಸಕರು ಅವರು. ನೋಡಲು ಅದೊಂದು ಸಣ್ಣ ಕೆಲಸ. ಆದರೆ ಅದರ ನಡುವೆ ನಮ್ಮ ಪ್ರತಿಯೊಂದು ಕುಟುಂಬವನ್ನೂ ಎಂದಾದರೊಂದು ದಿನ ಎದುರುಗೊಳ್ಳುವ ನೈತಿಕ ಪ್ರಶ್ನೆಯೊಂದು ಅಡಗಿದೆ. ನಾವು ಪ್ರೀತಿಸುವ ವ್ಯಕ್ತಿ, ಗಾಯಗೊಂಡ ಸ್ಥಿತಿಯಲ್ಲಿ, ವಾಹನದ ಕೀಲಿಕೈಯನ್ನು ಕೇಳಿದಾಗ ಪ್ರೀತಿಯು ಅದನ್ನು ಕೊಡುತ್ತದೆಯೋ, ಬಚ್ಚಿಡುತ್ತದೆಯೋ?

ಮೊದಲು ಈ ಚಿಕಿತ್ಸೆಯ ಬಗ್ಗೆ ಎರಡು ಮಾತು. ಇಲ್ಲಿ 'ಆಕ್ಯುಪೇಷನ್' ಎಂದರೆ ಕೇವಲ ಸಂಬಳದ ಉದ್ಯೋಗವಲ್ಲ. ಸ್ನಾನ, ಊಟ, ಅಡುಗೆ, ಬರವಣಿಗೆ, ಪ್ರಯಾಣ – ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಅದರಲ್ಲಿ ಸೇರಿವೆ. ಔಷಧಿಯು ರೋಗವನ್ನು ಗುಣಪಡಿಸಿದರೆ, ಈ ಚಿಕಿತ್ಸೆಯು ಬದುಕನ್ನು ಮರಳಿ ಕೈಗೆ ಕೊಡಲು ಯತ್ನಿಸುತ್ತದೆ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಇದರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಅದು ಮೊದಲನೆಯ ಮಹಾಯುದ್ಧದ ಕಾಲ. ಅಮೆರಿಕದ ಸೇನೆಯು 'ಪುನರ್ನಿರ್ಮಾಣ ಸಹಾಯಕಿಯರು' ಎಂಬ ಹೆಸರಿನಲ್ಲಿ ಮಹಿಳೆಯರನ್ನು ನೇಮಿಸಿಕೊಂಡು, ಅವರ ಮೂಲಕ ಗಾಯಾಳುಗಳಿಗೆ ನೇಯ್ಗೆ, ಮರಗೆಲಸ, ಬುಟ್ಟಿ ಹೆಣೆಯುವಿಕೆಗಳನ್ನು ಕಲಿಸಿ, ಸೋತ ಕೈಗಳಿಗೂ ಕುಗ್ಗಿದ ಮನಸ್ಸುಗಳಿಗೂ ಚೈತನ್ಯ ತುಂಬಿತು. ಇದೇ ವಿದ್ಯೆಯನ್ನು ನಮ್ಮ ದೇಶಕ್ಕೆ ತಂದವರು ಅಮೆರಿಕದ ಕ್ವೇಕರ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ ಇಲ್ಲಿಯವರೇ ಆದ ಕಮಲಾ ನಿಂಬಕರ್. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಇದರ ಮೊದಲ ಶಾಲೆಯನ್ನು ಆರಂಭಿಸಿದರು.

ವಾಹನ ಚಾಲನೆಯ ವಿಷಯಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಆಗಸ್ಟ್‌ನಲ್ಲಿ, ಅಮೆರಿಕದ ಸರ್ಕಾರ ಒಂದು ಕಾನೂನು ತಂದಿತು. ಯುದ್ಧದಲ್ಲಿ ಒಂದು ಅಥವಾ ಎರಡೂ ಕಾಲುಗಳನ್ನು ಕಳೆದುಕೊಂಡ, ಇಲ್ಲವೇ ಅವುಗಳ ಸ್ವಾಧೀನ ತಪ್ಪಿದ ಯೋಧರಿಗೆ ಕಾರು ಕೊಳ್ಳಲು 1,600 ಡಾಲರ್‌ವರೆಗೆ ನೆರವು ನೀಡುವ ಕಾನೂನು ಅದು. ಉದಾರವಾದ ಕೊಡುಗೆಯೇ ಸರಿ. ಆದರೆ ಕಾರು ದೊರೆತ ಮಾತ್ರಕ್ಕೆ ಮನುಷ್ಯ ಚಾಲಕನಾಗುವುದಿಲ್ಲ. ವಸ್ತುವನ್ನು ಕೊಡುವುದು ಸುಲಭ. ಅದನ್ನು ಬಳಸಬಲ್ಲ ಮನುಷ್ಯನನ್ನು ಮತ್ತೆ ಕಟ್ಟುವುದಕ್ಕೆ ತಾಳ್ಮೆ ಬೇಕು. ಇಂದು ಅಲ್ಲಿನ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಹಲವು ಆಸ್ಪತ್ರೆಗಳಲ್ಲಿ ಆ ತಾಳ್ಮೆಯ ಕೆಲಸಕ್ಕೆಂದೇ ಪ್ರತ್ಯೇಕ ವಿಭಾಗಗಳಿವೆ.

ಅಲ್ಲಿ ಪಾಠ ಕಾರಿನಲ್ಲಿ ಆರಂಭವಾಗುವುದಿಲ್ಲ. ಮೊದಲು ಕಣ್ಣಿನ ಪರೀಕ್ಷೆ: ದೂರದ್ದು ಕಾಣುತ್ತದೆಯೇ, ಅಕ್ಕಪಕ್ಕದ್ದು ಕಾಣುತ್ತದೆಯೇ, ಮಬ್ಬಿನಲ್ಲಿ ಗುರುತು ಸಿಗುತ್ತದೆಯೇ? ಕತ್ತು ಎಷ್ಟು ತಿರುಗುತ್ತದೆ? ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಕಾಲು ಎಷ್ಟು ಬೇಗ ಸರಿಯುತ್ತದೆ? ಎರಡು ಸಂಗತಿಗಳ ಮೇಲೆ ಏಕಕಾಲಕ್ಕೆ ಗಮನವಿಡಲು ಸಾಧ್ಯವೇ? ಇವನ್ನೆಲ್ಲ ಅಳೆದ ನಂತರವೇ ರಸ್ತೆ. ಬಲಗಾಲು ಇಲ್ಲದವನಿಗೆ ಎಡಗಾಲಿನಿಂದ ಒತ್ತುವ ಆಕ್ಸಿಲರೇಟರ್ ಜೋಡಿಸುತ್ತಾರೆ. ಎರಡೂ ಕಾಲುಗಳಿಲ್ಲದವನಿಗೆ ವೇಗವನ್ನೂ ಬ್ರೇಕನ್ನೂ ಕೈಯಿಂದಲೇ ನಿಯಂತ್ರಿಸುವ ಸನ್ನೆಕೋಲು; ಒಂದೇ ಕೈಯುಳ್ಳವನಿಗೆ ಸ್ಟಿಯರಿಂಗ್ ತಿರುಗಿಸಲು ಒಂದು ಹಿಡಿಗುಬ್ಬಿ; ಗಾಲಿಕುರ್ಚಿಯವನಿಗೆ ನೆಲವನ್ನು ತಗ್ಗಿಸಿ ಇಳಿಜಾರು ಹಲಗೆ ಇಟ್ಟ ವ್ಯಾನು. ಮೊದಲು ಬರಿದಾದ ಬಯಲು, ಆಮೇಲೆ ಸದ್ದಿಲ್ಲದ ಬೀದಿ, ಕೊನೆಗೆ ಹೆದ್ದಾರಿ. ಹೆಜ್ಜೆಹೆಜ್ಜೆಗೂ ಪಕ್ಕದ ಆಸನದಲ್ಲಿ ಶಿಕ್ಷಕರು ಕುಳಿತಿರುತ್ತಾರೆ. ಅವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ.

ಇದು ಕಣ್ಣಿಗೆ ಕಾಣುವ ಗಾಯದ ಮಾತಾಯಿತು. ಕಾಣದ ಗಾಯದ ಕಥೆ ಬೇರೆ. 2003ರಿಂದ ಇರಾಕ್‌ನಲ್ಲಿಯೂ 2001ರಿಂದ 2021ರವರೆಗೆ ಅಫ್ಘಾನಿಸ್ತಾನದಲ್ಲಿಯೂ ನಡೆದ ಯುದ್ಧಗಳಲ್ಲಿ ಶತ್ರುವಿನ ಮುಖ್ಯ ಆಯುಧವೇ ರಸ್ತೆಬದಿಯಲ್ಲಿ ಹುದುಗಿಸಿಟ್ಟ ಸ್ಫೋಟಕವಾಗಿತ್ತು. ಕಸದ ರಾಶಿ, ಸತ್ತ ಪ್ರಾಣಿ, ಕೆಟ್ಟುನಿಂತ ವಾಹನ – ಯಾವುದರೊಳಗೂ ಸಾವು ಇರಬಹುದಾಗಿತ್ತು. ಆದ್ದರಿಂದ ಅಲ್ಲಿ ಯೋಧರು ರಸ್ತೆಯ ನಟ್ಟನಡುವೆ ವೇಗವಾಗಿ ಓಡಿಸಲು, ಎಲ್ಲಿಯೂ ನಿಲ್ಲಿಸದಿರಲು, ಬೇರೆ ವಾಹನಗಳನ್ನು ಹತ್ತಿರ ಬರಗೊಡದಿರಲು, ಮೇಲ್ಸೇತುವೆಯ ಕೆಳಗೆ ಥಟ್ಟನೆ ಪಥ ಬದಲಿಸಲು ಕಲಿತರು. ಹಾಗೆ ಕಲಿತದ್ದರಿಂದಲೇ ಹಲವರು ಬದುಕಿ ಮನೆಗೆ ಬಂದರು. ಆದರೆ ಸಮವಸ್ತ್ರವನ್ನು ಬಿಚ್ಚಿಡುವಷ್ಟು ಸುಲಭವಾಗಿ ಅಭ್ಯಾಸವನ್ನು ಬಿಚ್ಚಿಡಲಾಗುವುದಿಲ್ಲ. ತವರಿನ ರಸ್ತೆಯಲ್ಲಿ ಕಸದ ಚೀಲವೊಂದು ಕಂಡರೆ ಕೈ ತಾನಾಗಿಯೇ ಸ್ಟಿಯರಿಂಗನ್ನು ತಿರುಗಿಸುತ್ತದೆ. ಕೆಂಪು ದೀಪದ ಮುಂದೆ ಸುತ್ತಲೂ ವಾಹನಗಳು ನಿಂತಾಗ ಎದೆ ಡವಡವಿಸುತ್ತದೆ. ಸ್ಫೋಟದ ಆಘಾತ ಮೆದುಳಿಗೆ ತಗುಲಿದ್ದರೆ ಗಮನವೂ ನಿಧಾನ, ನಿರ್ಧಾರವೂ ನಿಧಾನ.

ಇದು ಕಲ್ಪನೆಯ ಭಯವಲ್ಲ. 1990–91ರ ಕೊಲ್ಲಿ ಯುದ್ಧದಿಂದ ಮರಳಿದ ಅಮೆರಿಕದ ಯೋಧರ ಸಾವುಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯುದ್ಧಕ್ಕೆ ಹೋಗದ ಸೈನಿಕರಿಗಿಂತ ಅವರಲ್ಲಿ ಸಾವು ಸ್ವಲ್ಪ ಹೆಚ್ಚಾಗಿ ಕಂಡುಬಂದಿತು; ಅದಕ್ಕೆ ಮುಖ್ಯ ಕಾರಣ ರೋಗಗಳಲ್ಲ, ಅಪಘಾತಗಳು. ಸೈನಿಕ ಕುಟುಂಬಗಳಿಗೆ ವಿಮೆ ಒದಗಿಸುವ ಯು.ಎಸ್.ಎ.ಎ. ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಯುದ್ಧಭೂಮಿಗೆ ಹೋಗುವ ಮುಂಚಿನ ಆರು ತಿಂಗಳಿಗೆ ಹೋಲಿಸಿದರೆ, ಮರಳಿ ಬಂದ ನಂತರದ ಆರು ತಿಂಗಳಲ್ಲಿ ಯೋಧರ ತಪ್ಪಿನಿಂದಾದ ಅಪಘಾತಗಳು ಶೇಕಡಾ 13ರಷ್ಟು ಹೆಚ್ಚಾಗಿದ್ದವು. ಗುಂಡಿನಿಂದ ಪಾರಾಗಿ ಬಂದವನಿಗೆ ತವರಿನ ಹಾದಿಯೇ ಅಪಾಯಕರವಾಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಈ ಯೋಧನ ತಪ್ಪೇನು? ಅಲ್ಲಿ ಜಾಗರೂಕತೆ ಎನಿಸಿಕೊಂಡದ್ದೇ ಇಲ್ಲಿ ಅಜಾಗರೂಕತೆ ಎನಿಸುತ್ತದೆ. ಅಲ್ಲಿ ಸಂಗಡಿಗರ ಪ್ರಾಣ ಉಳಿಸಿದ ಗುಣವೇ ಇಲ್ಲಿ ನೆರೆಯವರ ಪ್ರಾಣಕ್ಕೆ ಎರವಾಗಬಹುದು. ಇದನ್ನು ಪಾಪವೆನ್ನಲಾಗದು, ಹಾಗೆಂದು ಲಘುವಾಗಿ ಕಾಣಲೂ ಆಗದು. ದೇಶದ ಹೆಸರಿನಲ್ಲಿ ಆ ಅಭ್ಯಾಸವನ್ನು ಕಲಿಸಿದವರಿಗೆ, ಅದನ್ನು ಬಿಡಿಸಲು ಸಹಾಯ ಮಾಡುವ ಹೊಣೆಯೂ ಇದೆ. ಸಮಾಜವು ವೀರನಿಗೆ ಹಾರ ಹಾಕಿ ಚಪ್ಪಾಳೆ ತಟ್ಟಿ ಮನೆಗೆ ನಡೆದರೆ, ಅದು ಗಾಯಾಳುವನ್ನು ಕಂಡು ದಾರಿಯ ಆಚೆ ಬದಿಯಲ್ಲಿ ಸರಿದುಹೋದ ಯಾಜಕನ ನಡತೆಗಿಂತ ಬಹಳ ಭಿನ್ನವೇನೂ ಅಲ್ಲ.

ಚಿಕಿತ್ಸಕರು ಈ ಹೊಣೆಯನ್ನು ಹೊರುವ ಬಗೆ ಗಮನಾರ್ಹ. ಮಿನ್ನೆಸೋಟ ವಿಶ್ವವಿದ್ಯಾಲಯದ ಎರಿಕಾ ಸ್ಟರ್ನ್ ಅವರಂತಹ ಆಕ್ಯುಪೇಷನಲ್ ಥೆರಪಿ ತಜ್ಞರು ಯುದ್ಧಭೂಮಿಯ ಚಾಲನೆಯ ಅಭ್ಯಾಸಗಳು ಮನೆಯವರೆಗೆ ಹಿಂಬಾಲಿಸುವುದನ್ನು ಅಧ್ಯಯನ ಮಾಡಿದರು. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಶೆರಿಲೀನ್ ಕ್ಲಾಸೆನ್ ಮತ್ತು ಸಂಗಡಿಗರು ಸಿಮ್ಯುಲೇಟರ್ ಎಂಬ ಕೃತಕ ಚಾಲನಾಯಂತ್ರದ ಮುಂದೆ ಯೋಧರನ್ನು ಕೂರಿಸಿ, ಅವರು ಎಲ್ಲಿ ತಪ್ಪುತ್ತಾರೆ, ಯಾವುದನ್ನು ಕಂಡಾಗ ತಪ್ಪುತ್ತಾರೆ ಎಂಬುದನ್ನು ಅವರೊಂದಿಗೇ ಕುಳಿತು ಪರಿಶೀಲಿಸಿ, ಮತ್ತೆ ಅಭ್ಯಾಸ ಮಾಡಿಸಿದರು. ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗವಾದರೂ ತಪ್ಪುಗಳು ಕಡಿಮೆಯಾದದ್ದು ಕಂಡುಬಂದಿತು. ಅಲ್ಲಿ ಬೈಗುಳವಿಲ್ಲ, ಉಪದೇಶವಿಲ್ಲ. 'ನೀನು ಹೀಗೇಕೆ ಮಾಡಿದೆ?' ಎಂಬ ಆಪಾದನೆಯ ಬದಲು 'ಆಗ ನಿನಗೆ ಏನು ಕಂಡಿತು?' ಎಂಬ ಪ್ರಶ್ನೆಯಿದೆ. ಕುರುಡ ಬಾರ್ತಿಮಾಯನನ್ನು ಪ್ರಭು ಯೇಸು ಮೊದಲು ಕೇಳಿದ್ದೂ ಒಂದು ಪ್ರಶ್ನೆಯನ್ನೇ ಅಲ್ಲವೇ? ಅವನಿಗೇನು ಬೇಕೆಂಬುದು ಸರ್ವಜ್ಞನಿಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೂ ಆ ಮಾತು ಅವನ ಬಾಯಿಂದಲೇ ಬರಲೆಂದು ಅವರು ಕಾದರು. ಗಾಯಗೊಂಡವನ ಬಾಯಿಗೆ ಮಾತನ್ನು ಮರಳಿ ಕೊಡುವುದೇ ಅವನ ಘನತೆಯನ್ನು ಮರಳಿ ಕೊಡುವ ಮೊದಲ ಹೆಜ್ಜೆ.

ಈಗ ಆರಂಭದ ಪ್ರಶ್ನೆಗೆ ಬರೋಣ: ಕೀಲಿಕೈ ಕೊಡಬೇಕೋ ಬೇಡವೋ? 'ದೇಶಕ್ಕಾಗಿ ಕಾಲನ್ನೇ ಕೊಟ್ಟವನಿಗೆ ಕಾರನ್ನು ನಿರಾಕರಿಸಲು ನಾವು ಯಾರು?' ಎಂದು ಕೆಲವರು ಕೇಳಬಹುದು. 'ಒಬ್ಬನ ಸ್ವಾಭಿಮಾನಕ್ಕಾಗಿ ಶಾಲೆಗೆ ನಡೆದುಹೋಗುವ ಮಗುವಿನ ಪ್ರಾಣವನ್ನು ಪಣಕ್ಕಿಡಬೇಕೇ? ಬೇರೆ ಯಾರಾದರೂ ಅವನನ್ನು ಕರೆದೊಯ್ಯಲಿ' ಎಂದು ಇನ್ನು ಕೆಲವರು ಹೇಳಬಹುದು. ಎರಡು ಮಾತುಗಳಲ್ಲಿಯೂ ಸತ್ಯವಿದೆ. ಅಮೆರಿಕದ ಹಳ್ಳಿಗಾಡಿನ ಬಹುಭಾಗಗಳಲ್ಲಿ ಬಸ್ಸಿನ ಸೌಕರ್ಯವಿಲ್ಲ. ಅಲ್ಲಿ ಕಾರಿಲ್ಲದವನಿಗೆ ಕೆಲಸ, ಆಸ್ಪತ್ರೆ, ಭಾನುವಾರದ ಬಲಿಪೂಜೆ ಎಲ್ಲವೂ ದೂರ. ಅದೇ ವೇಳೆ ರಸ್ತೆಯಲ್ಲಿ ನಡೆಯುವ ಆ ಮಗುವೂ ನಮ್ಮ ನೆರೆಯವಳೇ. ಚಿಕಿತ್ಸಕರಿಗೆ ಹೀಗೆ ಇಬ್ಬರು ನೆರೆಯವರಿದ್ದಾರೆ: ಹೆಸರು ಹಿಡಿದು ಕರೆಯಬಹುದಾದ, ಪಕ್ಕದಲ್ಲಿಯೇ ಕುಳಿತ ಒಬ್ಬ, ಎಂದಿಗೂ ಭೇಟಿಯಾಗದ ಇನ್ನೊಬ್ಬಳು. ಪಕ್ಕದಲ್ಲಿರುವವನ ಕಣ್ಣೀರಿಗೆ ಕರಗಿ ಕಾಣದವಳನ್ನು ಮರೆತರೆ ಅದು ಕರುಣೆಯಲ್ಲ, ದೌರ್ಬಲ್ಯ. ಕಾಣದವಳ ಹೆಸರಿನಲ್ಲಿ ಪಕ್ಕದವನನ್ನು ಪರೀಕ್ಷಿಸದೆಯೇ ತಳ್ಳಿಬಿಟ್ಟರೆ ಅದು ವಿವೇಕವಲ್ಲ, ಭಯ.

ಈ ಎರಡು ತಪ್ಪುಗಳ ನಡುವೆ ಇರುವ ದಾರಿ ಪಕ್ಕದ ಆಸನದ ದಾರಿ. ಆ ಎರಡನೆಯ ಬ್ರೇಕನ್ನು ನೆನಪಿಸಿಕೊಳ್ಳಿ. ಶಿಕ್ಷಕರು ಸ್ಟಿಯರಿಂಗನ್ನು ಕಸಿದುಕೊಳ್ಳುವುದಿಲ್ಲ. ಆದರೆ ನಿದ್ರಿಸುವುದೂ ಇಲ್ಲ. ಅಗತ್ಯ ಬಂದಾಗ ಒತ್ತಬೇಕು, ಅಗತ್ಯವಿಲ್ಲದಾಗ ತಡೆದುಕೊಳ್ಳಬೇಕು. ತಡೆದುಕೊಳ್ಳುವುದೇ ಹೆಚ್ಚು ಕಷ್ಟ, ಏಕೆಂದರೆ ಪ್ರತಿಸಲವೂ ತಾನೇ ಬ್ರೇಕ್ ಒತ್ತಿದರೆ ಪಕ್ಕದವನು ಎಂದಿಗೂ ಕಲಿಯಲಾರ. ಆ ಅಪಾಯದಲ್ಲಿ ಅವರೂ ಪಾಲುದಾರರು. ದೂರ ನಿಂತು ತೀರ್ಪು ನೀಡುವುದಕ್ಕೂ ಅದೇ ಕಾರಿನಲ್ಲಿ ಕುಳಿತು ತೀರ್ಪು ನೀಡುವುದಕ್ಕೂ ಅಜಗಜಾಂತರವಿದೆ. ಎಮ್ಮಾವುಸಿನ ದಾರಿಯಲ್ಲಿ ಕುಗ್ಗಿದ ಶಿಷ್ಯರನ್ನು ಪುನರುತ್ಥಾನಿ ಕ್ರಿಸ್ತರು ದಾರಿಬದಿಯಿಂದ ಕೂಗಿ ತಿದ್ದಲಿಲ್ಲ. ಅವರೊಂದಿಗೆ ನಡೆಯುತ್ತಾ, ಅವರ ಮಾತನ್ನು ಕೇಳಿಸಿಕೊಂಡು, ನಂತರವೇ ಕಟುಸತ್ಯವನ್ನು ನುಡಿದರು.

ಕಟುಸತ್ಯವನ್ನು ನುಡಿಯಲೇಬೇಕಾದ ದಿನವೂ ಬರುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಕೆಲವರು ಸುರಕ್ಷಿತವಾಗಿ ವಾಹನ ನಡೆಸಲಾರರು. ಲೈಸೆನ್ಸ್ ಕುರಿತ ಅಂತಿಮ ನಿರ್ಧಾರ ಆಯಾ ರಾಜ್ಯದ ಅಧಿಕಾರಿಗಳದ್ದು. ಆದರೆ 'ಇಂದು ಬೇಡ' ಎಂದೋ 'ಇನ್ನು ಬೇಡ' ಎಂದೋ ಮುಖ ನೋಡಿ ಹೇಳುವವರು ಚಿಕಿತ್ಸಕರೇ. ಹಾಗೆ ಹೇಳಿ ಕಡತ ಮುಚ್ಚಿದರೆ ಕೆಲಸ ಮುಗಿಯುವುದಿಲ್ಲ. ಇನ್ನು ಮುಂದೆ ಅವನು ಹೇಗೆ ಓಡಾಡಬೇಕು, ಯಾರು ಕರೆದೊಯ್ಯುತ್ತಾರೆ, ಮನೆಯೊಳಗೆ ಕೊಳೆಯದಂತೆ ಅವನ ದಿನಗಳನ್ನು ಹೇಗೆ ತುಂಬಬೇಕು ಎಂದು ಅವನೊಂದಿಗೆ ಕುಳಿತು ಯೋಜಿಸುವುದೂ ಅದೇ ಚಿಕಿತ್ಸೆಯ ಭಾಗ. ಯೊವಾನ್ನನ ಶುಭಸಂದೇಶದ ಕೊನೆಯಲ್ಲಿ ಪ್ರಭು ಪೇತ್ರನಿಗೆ ಹೇಳಿದ್ದನ್ನು ನೆನೆಯಿರಿ. ಯೌವನದಲ್ಲಿ ಇಷ್ಟ ಬಂದಲ್ಲಿಗೆ ಹೋಗುತ್ತಿದ್ದ ಅವನನ್ನು ಮುಂದೊಂದು ದಿನ ಬೇರೊಬ್ಬರು ಅವನಿಗೆ ಇಷ್ಟವಿಲ್ಲದ ಕಡೆಗೆ ಕೊಂಡೊಯ್ಯುವರು ಎಂಬ ಸೂಚನೆ ಅದು. ಆದರೆ ಆ ಸೂಚನೆಯ ಬೆನ್ನಲ್ಲೇ ತನ್ನನ್ನು ಹಿಂಬಾಲಿಸುವಂತೆ ಪ್ರಭು ಅವನನ್ನು ಕರೆದರು. ಸ್ಟಿಯರಿಂಗ್ ಕೈತಪ್ಪಿದರೂ ಕರೆ ಕೈತಪ್ಪುವುದಿಲ್ಲ. ಮನುಷ್ಯನ ಘನತೆ ಅವನು ಹಿಡಿದ ಚಕ್ರದಲ್ಲಿಲ್ಲ; ಅವನನ್ನು ಹೆಸರಿಡಿದು ಕರೆದ ದೇವರಲ್ಲಿದೆ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಈ ಪ್ರಶ್ನೆಯಿದೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಸ್ಕೂಟರ್ ಕೇಳುವ ತಂದೆ, ಅಪಘಾತದ ನಂತರ ಮತ್ತೆ ಬೈಕ್ ಮುಟ್ಟಲು ಹೆದರುವ ಮಗ, ಸೇನೆಯಿಂದ ನಿವೃತ್ತನಾಗಿ ಬಂದು ಮಾತು ಕಡಿಮೆ ಮಾಡಿದ ಅಣ್ಣ – ಇವರ ಮುಂದೆ ನಾವು ಹಲವು ಸಲ ಎರಡೇ ಕೆಲಸ ಮಾಡುತ್ತೇವೆ: ಜಗಳಕ್ಕಂಜಿ ಕೀಲಿಕೈ ಕೊಡುತ್ತೇವೆ, ಇಲ್ಲವೇ ಹೇಳದೆ ಕೇಳದೆ ಬಚ್ಚಿಡುತ್ತೇವೆ. ಎರಡರಲ್ಲಿಯೂ ನಾವು ಅವರ ಪಕ್ಕದಲ್ಲಿ ಕುಳಿತಿಲ್ಲ. ವೈದ್ಯರ ಬಳಿ ಜೊತೆಯಾಗಿ ಹೋಗುವುದು, ಕಣ್ಣು ಕೈಕಾಲುಗಳ ಪರೀಕ್ಷೆ ಮಾಡಿಸುವುದು, ಬೇಡವೆನ್ನಬೇಕಾದಲ್ಲಿ ಕಾರಣವನ್ನು ಮುಖಾಮುಖಿ ಹೇಳಿ, ಭಾನುವಾರ ಬೆಳಿಗ್ಗೆ ಅವರನ್ನು ದೇವಾಲಯಕ್ಕೆ ಕರೆದೊಯ್ಯುವ ಹೊಣೆಯನ್ನು ನಾವೇ ಹೊರುವುದು – ಇಷ್ಟನ್ನಾದರೂ ಮಾಡೋಣ. ನಮ್ಮ ಧರ್ಮಕೇಂದ್ರದಲ್ಲಿ ಹೀಗೆ ಮನೆಯಲ್ಲೇ ಉಳಿದವರು ಎಷ್ಟು ಜನ, ಅವರ ಬಾಗಿಲಿಗೆ ಹೋಗಲು ಯಾರ ವಾಹನದಲ್ಲಿ ಒಂದು ಆಸನ ಖಾಲಿಯಿದೆ ಎಂಬುದನ್ನು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ.