ಮದ್ಯದ ಹೆಸರೂ ಮದ್ಯದ ಅಳತೆಯೂ

ಮದ್ಯವನ್ನು ಮುಟ್ಟದವನಿಗೆ ಮದ್ಯದ ಲೆಕ್ಕವೇಕೆಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ವಿಷಯದಲ್ಲಿ ಅಜ್ಞಾನವೇ ಭೂಷಣವೆಂದು ತೋರುತ್ತಿದ್ದಿತು. ಆ ಭೂಷಣವು ಭಾರವಾದ ಬಗೆಯನ್ನು ಮೊದಲು ಅರಿಕೆಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಗಾಂಧಿಬಜಾರಿನಲ್ಲಿ ಹಳೆಯ ಮಿತ್ರರೊಬ್ಬರು ಎದುರಾದರು. ಅವರ ಮಗನು ದಿನವೂ ಸಂಜೆ ಎರಡು ಸೀಸೆ ಬಿಯರನ್ನು ಕುಡಿಯುತ್ತಿದ್ದನಂತೆ. “ಬ್ರಾಂದಿಯಲ್ಲವಲ್ಲ, ಜವೆಗೋಧಿಯ ನೀರಷ್ಟೆ. ವಯಸ್ಸಾದಂತೆ ತಾನೇ ಬಿಟ್ಟಾನು” ಎಂದು ನಾನು ಸಮಾಧಾನ ಹೇಳಿದೆನು. ಅವರು ನಂಬಿ, ಮನಸ್ಸು ಹಗುರಮಾಡಿಕೊಂಡು ಹೋದರು. ಆಮೇಲೆ ಆ ಯುವಕನ ಯಕೃತ್ತು ಕೆಟ್ಟಿತೆಂಬ ವಾರ್ತೆ ಬಂದಿತು. ರೋಗಕ್ಕೆ ನನ್ನ ಮಾತೇ ಕಾರಣವೆನ್ನಲಾರೆ. ಆದರೆ ಎಚ್ಚರವಾಗಿದ್ದ ತಂದೆಯನ್ನು ಮಲಗಿಸಿದುದು ನನ್ನ ಮಾತು.

ಲೆಕ್ಕವನ್ನು ನಾನು ಕಲಿತುದು ಅನಂತರ. ಅದು ಮಾಧ್ಯಮಿಕ ಶಾಲೆಯ ಬಾಲಕನಿಗೂ ಸಾಧ್ಯವಾದುದು. ಸೀಸೆಯ ಚೀಟಿಯ ಮೇಲೆ ನೂರಕ್ಕೆ ಇಷ್ಟು ಮದ್ಯಸಾರವೆಂದು ಅಚ್ಚಾಗಿರುತ್ತದೆ. ಕುಡಿದ ಪ್ರಮಾಣವನ್ನು ಆ ಸಂಖ್ಯೆಯಿಂದ ಗುಣಿಸಿ ನೂರರಿಂದ ಭಾಗಿಸಿದರಾಯಿತು. ನೂರಕ್ಕೆ 5ರಷ್ಟಿರುವ ಬಿಯರಿನ 650 ಮಿ.ಲೀ. ಸೀಸೆಯಲ್ಲಿ ಮದ್ಯಸಾರವು 32.5 ಮಿ.ಲೀ. ನಮ್ಮ ದೇಶದ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8, 60 ಮಿ.ಲೀ. ಪೆಗ್ಗಿನಲ್ಲಿ ಸುಮಾರು 25.7 ಮಿ.ಲೀ. ಎಂದರೆ, ಸೌಮ್ಯವೆನಿಸಿಕೊಂಡ ಒಂದು ಸೀಸೆ ಬಿಯರು, ಉಗ್ರವೆನಿಸಿಕೊಂಡ ಒಂದು ದೊಡ್ಡ ಪೆಗ್ಗನ್ನು ಮೀರಿತು. ನೂರಕ್ಕೆ 8ರ ಬಿಯರಾದರೆ ಒಂದೇ ಸೀಸೆಯು ಎರಡು ಪೆಗ್ಗಿಗೆ ಸಮ. ನೀರು ಹೆಚ್ಚಿದ ಮಾತ್ರಕ್ಕೆ ಸಾರವು ಕಡಮೆಯಾಗದು.

ಇದು ನನಗೆ ತಿಳಿಯದೆ ಹೋದುದೇ ಸೋಜಿಗ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯನ್ನು ಮೂರಾಗಿ ವಿಂಗಡಿಸಿ, ಒಂದು ಹೇಗೋ ಎಲ್ಲವೂ ಹಾಗೆಯೇ ಎನ್ನುತ್ತದೆ. ಅದನ್ನು ಬಾಯಿಪಾಠ ಹೇಳಿದವನು, ಬೀದಿಗೆ ಬಂದಾಗ ಹೆಸರಿಗೆ ಮರುಳಾದೆನು. ನಮ್ಮ ಸಮಾಜವೂ ಹಾಗೆಯೇ. ಹುದುಗಿದ ಸೇಂದಿಯಲ್ಲಿ ಮದ್ಯಸಾರವು ಹೆಚ್ಚುಕಡಮೆ ಬಿಯರಿನಷ್ಟೇ. ಆದರೂ ಸೇಂದಿ ಕುಡಿದ ಕೂಲಿಯವನು ಕುಡುಕ. ಬಿಯರು ಕುಡಿದ ವಿದ್ಯಾವಂತನು ಸ್ನೇಹಪರ! ನಮ್ಮ ಮನೆಗಳ ಬೀರುವಿನಲ್ಲಿರುವ ದ್ರಾಕ್ಷಾರಿಷ್ಟದಲ್ಲಿಯೂ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರವುಂಟು. ಅದು ಔಷಧವಾಗಿ ಉಳಿದಿರುವುದು ಹೆಸರಿನಿಂದಲ್ಲ, ಚಮಚೆಯ ಅಳತೆಯಿಂದ. ಮೋಟಾರು ವಾಹನಗಳ ಕಾನೂನು ಇನ್ನೂ ನಿಷ್ಪಕ್ಷಪಾತವಾದುದು. ಚಾಲಕನ 100 ಮಿ.ಲೀ. ರಕ್ತದಲ್ಲಿ ಮದ್ಯಸಾರವು 30 ಮಿ.ಗ್ರಾಂ ಮೀರಿದೆಯೇ ಎಂದಷ್ಟೇ ಕೇಳುವುದು. ಬಂದುದು ಯಾವ ಸೀಸೆಯಿಂದ ಎಂದು ಕೇಳುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು: ಅಳತೆಯನ್ನು ಬೋಧಿಸಿದರೆ ಕುಡಿತಕ್ಕೆ ಅನುಮತಿ ಕೊಟ್ಟಂತಾಗದೆ? ಆಗದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಿರಪಾಯವಾದ ಮದ್ಯಪ್ರಮಾಣವೆಂಬುದೇ ಇಲ್ಲವೆಂದು ಸಾರಿತು. ಅಳತೆಯು ‘ಇಷ್ಟು ಕುಡಿ’ ಎನ್ನುವುದಿಲ್ಲ. ‘ಇಷ್ಟು ಕುಡಿದೆ’ ಎನ್ನುತ್ತದೆ. ಅನುಮತಿಯನ್ನು ಕೊಡುವುದು ಅಜ್ಞಾನವೇ. ‘ಬರಿಯ ಬಿಯರು’ ಎಂಬ ನನ್ನ ಮಾತಿಗಿಂತ ದೊಡ್ಡ ಅನುಮತಿ ಯಾವುದಿದ್ದೀತು? ತಾನು ಶುದ್ಧನಾಗಿದ್ದರೆ ಸಾಕೆಂದು ಅರಿವಿಗೆ ಬಾಗಿಲು ಮುಚ್ಚಿಕೊಂಡವನ ಶುದ್ಧಿಗೆ, ನೆರೆಯವರು ಬೆಲೆ ತೆರಬೇಕಾಗುತ್ತದೆ.

ಕಡೆಗೆ ಚಾಮರಾಜಪೇಟೆಯ ಆ ಮಿತ್ರರ ಮನೆಗೆ ಹೋಗಿ, ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ, ನನ್ನ ತಪ್ಪನ್ನು ಒಪ್ಪಿಕೊಂಡೆನು. ಅವರು ಬಹಳ ಹೊತ್ತು ನೋಡಿ, “ಇಷ್ಟು ಸುಲಭದ ಲೆಕ್ಕವೆ?” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಿತವಾಗುತ್ತಿದ್ದಿತು.